ಪ್ರಾಸ್ಟೇಟ್ ಕ್ಯಾನ್ಸರ್: ಅಂತರ್ಜಾಲ ಮಾಹಿತಿಯ ಗುಣಮಟ್ಟ

ಪುರುಷರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನ ಬಗ್ಗೆ ರೋಗಿಗಳಿಗೆ ಅಂತರ್ಜಾಲದಲ್ಲಿ ದೊರೆಯುವ ಬರಹ ಮತ್ತು ವಿಡಿಯೋಗಳು ಎಷ್ಟರಮಟ್ಟಿಗೆ ನಿಖರ, ಪೂರ್ಣ, ನಿಷ್ಪಕ್ಷಪಾತ ಹಾಗೂ ಸುಬೋಧವಾಗಿವೆ ಎಂಬುದನ್ನು 'ಅಂತರ್ಜಾಲ ಮಾಹಿತಿಯ ಗುಣಮಟ್ಟ' ಎಂಬ ಹೆಸರಿನಲ್ಲಿ ಅಧ್ಯಯನ ಮಾಡಲಾಗುತ್ತದೆ. ಗ್ರಂಥಿಯೊಳಗೇ ಉಳಿದಿರುವ, ನಿಧಾನವಾಗಿ ಬೆಳೆಯುವ ಗಡ್ಡೆಗೆ ಶಸ್ತ್ರಚಿಕಿತ್ಸೆ, ವಿಕಿರಣ ಚಿಕಿತ್ಸೆ ಅಥವಾ ಕೂಡಲೇ ಚಿಕಿತ್ಸೆ ನೀಡದೆ ನಿಯತ ಪರೀಕ್ಷೆಗಳಿಂದ ಗಮನಿಸುವ ಸಕ್ರಿಯ ನಿಗಾ ಎಂಬ ಆಯ್ಕೆಗಳಿದ್ದು, ಮೂತ್ರ ಸೋರಿಕೆ, ಲೈಂಗಿಕ ದೌರ್ಬಲ್ಯಗಳಂಥ ಅಡ್ಡಪರಿಣಾಮಗಳನ್ನು ತೂಗಿ ನೋಡಿ ರೋಗಿಯೇ ವೈದ್ಯರೊಡನೆ ನಿರ್ಧರಿಸಬೇಕಾಗಿರುವುದರಿಂದ, ಇಲ್ಲಿ ಅರೆಬರೆ ಮಾಹಿತಿಯ ಹಾನಿ ಹೆಚ್ಚು.

ಮಾಪನ ಸಾಧನಗಳಲ್ಲಿ ಮುಖ್ಯವಾದುದು ಬ್ರಿಟನ್ನಿನಲ್ಲಿ ರೂಪುಗೊಂಡು 1999ರಲ್ಲಿ ಪ್ರಕಟವಾದ ಡಿಸ್ಕರ್ನ್. ಇದರ 16 ಪ್ರಶ್ನೆಗಳಲ್ಲಿ ಮೊದಲ 8 ಬರಹದ ವಿಶ್ವಾಸಾರ್ಹತೆಯನ್ನೂ ಮುಂದಿನ 7 ಚಿಕಿತ್ಸೆಯ ಆಯ್ಕೆಗಳ ವಿವರಣೆಯನ್ನೂ ಕೊನೆಯದು ಒಟ್ಟು ಗುಣಮಟ್ಟವನ್ನೂ ಪರಿಶೀಲಿಸುತ್ತವೆ, ಪ್ರತಿ ಪ್ರಶ್ನೆಗೆ 1ರಿಂದ 5ರವರೆಗೆ ಅಂಕ ನೀಡಲಾಗುತ್ತದೆ. ಓದುಸುಲಭತೆಯನ್ನು ಅಳೆಯುವ ಫ್ಲೆಶ್–ಕಿಂಕೇಡ್ ಸೂತ್ರ ಇಂಗ್ಲಿಷಿನ ಪದ, ವಾಕ್ಯಗಳ ಉದ್ದವನ್ನು ಆಧರಿಸಿದ್ದರಿಂದ, ಪ್ರತ್ಯಯಗಳು ಸೇರಿ ಪದಗಳು ಉದ್ದವಾಗುವ ಕನ್ನಡಕ್ಕೆ ಅದು ನೇರವಾಗಿ ಒಗ್ಗದು.

'ಯುರೋಪಿಯನ್ ಯುರಾಲಜಿ' ಪತ್ರಿಕೆಯಲ್ಲಿ 2019ರಲ್ಲಿ ಪ್ರಕಟವಾದ ಅಧ್ಯಯನವು 150 ಯೂಟ್ಯೂಬ್ ವಿಡಿಯೋಗಳನ್ನು ಪರಿಶೀಲಿಸಿ, ಶೇ. 77ರಷ್ಟರಲ್ಲಿ ವಿಡಿಯೋದಲ್ಲೋ ಅದರ ಕೆಳಗಿನ ಪ್ರತಿಕ್ರಿಯೆಗಳಲ್ಲೋ ದಾರಿತಪ್ಪಿಸಬಹುದಾದ ಅಥವಾ ಪಕ್ಷಪಾತದ ಅಂಶಗಳನ್ನು ಕಂಡಿತು. ವೈಜ್ಞಾನಿಕ ಗುಣಮಟ್ಟ ಕಡಿಮೆಯಿದ್ದ ವಿಡಿಯೋಗಳಿಗೇ ಹೆಚ್ಚು ವೀಕ್ಷಣೆ ದೊರೆತಿದ್ದುದು ಅದರ ಅತ್ಯಂತ ಕಳವಳಕಾರಿ ಫಲಿತಾಂಶ. ಮಾಹಿತಿ ಹಳತಾಗುವುದೂ ಗಂಭೀರ ದೋಷವೇ: ಈ ಕ್ಯಾನ್ಸರಿನ ಪತ್ತೆಗೆ ಮಾಡುವ ರಕ್ತದ ಪಿಎಸ್‌ಎ ತಪಾಸಣೆ ಬೇಡವೆಂದು 2012ರಲ್ಲಿ ಹೇಳಿದ್ದ ಅಮೆರಿಕದ ರೋಗನಿರೋಧ ಸೇವೆಗಳ ಕಾರ್ಯಪಡೆ, 2018ರಲ್ಲಿ 55ರಿಂದ 69 ವರ್ಷದವರಿಗೆ ಅದನ್ನು ವೈಯಕ್ತಿಕ ನಿರ್ಧಾರಕ್ಕೆ ಬಿಟ್ಟಿತು.