ಅವರ ಹಳ್ಳಿ, ನಮ್ಮ ಹಳ್ಳಿ

ಹೋದ ಮಳೆಗಾಲದ ಒಂದು ಸಂಜೆ. ಶಾಲೆಯಿಂದ ಬಂದು ಕೊಡೆಯನ್ನು ಜಗಲಿಯ ಮೂಲೆಯಲ್ಲಿ ಬಿಡಿಸಿ ಇಟ್ಟಿದ್ದೆನಷ್ಟೆ, ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಮೆಟ್ಟಿಲು ಹತ್ತಿ ಬಂದರು. ಅವರ ಮಗ ಮುರ್ಡೇಶ್ವರದಲ್ಲಿ ಓದಿ, ಡಾಕ್ಟರಾಗಿ, ಹೆಚ್ಚಿನ ತರಬೇತಿಗೆಂದು ಅಮೆರಿಕಕ್ಕೆ ಹೋದವನು. ಕೇರಿಗೆಲ್ಲ ಅವನೆಂದರೆ ಹೆಮ್ಮೆ. ನನಗೆ ಒಂದು ತೂಕ ಹೆಚ್ಚೇ. "ಚೆನ್ನಾಗಿ ಓದು, ದೂರ ಹೋಗು" ಎಂದು ಬೆನ್ನು ತಟ್ಟಿದವಳು ನಾನು.

"ಅಕ್ಕೋರೆ, ಮಗ ಇನ್ನೂ ಮೂರು ವರ್ಷ ಬರುದಿಲ್ವಂತೆ. ಅಲ್ಲಿ ಯಾವ್ದೋ ಹಳ್ಳಿಗೆ ಹೋಗ್ಬೇಕಂತೆ, ಅಲ್ಲಿ ಡಾಕ್ಟ್ರೇ ಇಲ್ವಂತೆ. ಅಮೆರಿಕದಲ್ಲೂ ಹಳ್ಳಿ ಉಂಟಾ?"

ಉಂಟು ಎಂದೆ. ಅವರು ಸ್ವಲ್ಪ ಹೊತ್ತು ಮಳೆ ನೋಡುತ್ತ ಕೂತರು. ಆಮೇಲೆ ಮೆಲ್ಲಗೆ, "ಹಳ್ಳಿಲೇ ಇರ್ಬೇಕಂದ್ರೆ ನಮ್ಮ ಹಳ್ಳಿಗೆ ಎಂತಾಗಿತ್ತು?" ಎಂದರು.

ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎಂದು ಕರೆಯುವ ರೂಢಿ. ಅಕ್ಕೋರಿಗೆ ಎಲ್ಲ ಗೊತ್ತಿರುತ್ತದೆ ಎಂಬ ನಂಬಿಕೆಯೂ ಆ ಹೆಸರಿನ ಜೊತೆಗೇ ಬರುತ್ತದೆ. ಆ ದಿನ ಈ ಅಕ್ಕೋರಿಗೆ ಏನೂ ಗೊತ್ತಿರಲಿಲ್ಲ. ಚಹಾ ಮಾಡಿಕೊಟ್ಟು ಕಳಿಸಿದೆ. ಆದರೆ ಇತಿಹಾಸ ಕಲಿಸುವವರಿಗೆ ಒಂದು ಚಾಳಿ ಇರುತ್ತದೆ, ಯಾವುದನ್ನು ಕೇಳಿದರೂ ಅದು ಶುರುವಾದದ್ದು ಯಾವಾಗ ಎಂದು ಹುಡುಕುವುದು. ಹುಡುಗನಿಗೇ ಫೋನು ಮಾಡಿ ಕೇಳಿದೆ. ಉಳಿದದ್ದನ್ನು ಓದಿ ತಿಳಿದುಕೊಂಡೆ.

ತಮ್ಮ ಡಾಕ್ಟರುಗಳು ಹೋಗಲೊಪ್ಪದ ಊರಿಗೆ ಪರದೇಶದ ಡಾಕ್ಟರನ್ನು ಕಳಿಸುವ ಉಪಾಯ ಹೊಸದಲ್ಲ. ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ಎಲ್ಲರಿಗೂ ಉಚಿತ ಚಿಕಿತ್ಸೆಯ ಸರ್ಕಾರಿ ವ್ಯವಸ್ಥೆ ಜಾರಿಗೆ ಬಂತು. ರೋಗಿಗಳು ಸಾಲುಗಟ್ಟಿದರು, ಡಾಕ್ಟರುಗಳು ಸಾಲಲಿಲ್ಲ. ಆಗ ನಮ್ಮ ದೇಶದ ಡಾಕ್ಟರುಗಳು ಅಲ್ಲಿಗೆ ಹೋದರು. ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ಕಲ್ಲಿದ್ದಲ ಗಣಿಯ ಊರುಗಳು, ಕೈಗಾರಿಕಾ ಪಟ್ಟಣಗಳ ಬಡ ಕೇರಿಗಳು, ಮುದುಕರ ವಾರ್ಡುಗಳು. 1975ರಲ್ಲಿ ಅಲ್ಲಿನ ವೈದ್ಯಕೀಯ ಮಂಡಳಿ ಭಾರತದ ಪದವಿಗಳಿಗೆ ಕೊಟ್ಟಿದ್ದ ನೇರ ಮಾನ್ಯತೆಯನ್ನು ಹಿಂತೆಗೆದುಕೊಂಡಿತು.

ಈ ದಾರಿಯಲ್ಲಿ ನಡೆದ ಕನ್ನಡದ ಕುಟುಂಬವೊಂದನ್ನು ಈಗ ಜಗತ್ತೇ ಬಲ್ಲದು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ಲಕ್ಷ್ಮೀನರಸಿಂಹ ಮೂರ್ತಿಯವರು ಮೊದಲು ಇಂಗ್ಲೆಂಡಿನಲ್ಲಿದ್ದರು. 1978ರಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿಗೆ ಜಿಲ್ಲಾ ವೈದ್ಯಾಧಿಕಾರಿಯಾಗಿ ಹೋದರು. ಅಟ್ಲಾಂಟಿಕ್ ಸಮುದ್ರದ ಚಳಿಗಾಳಿಗೆ ಮೈಯೊಡ್ಡಿದ ಮೀನುಗಾರರ ನಾಡು ಅದು. ಅಲ್ಲಿಂದ ಅವರು ಮಯಾಮಿಗೆ ಹೋಗಿ ನೆಲೆಸಿದರು. ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ 1977ರಲ್ಲಿ ಹುಟ್ಟಿದ ಅವರ ಮಗ ವಿವೇಕ ಮೂರ್ತಿ 2014ರ ಕೊನೆಯಲ್ಲಿ ಅಮೆರಿಕದ ಸರ್ಜನ್ ಜನರಲ್ ಆದರು. ಮಗನ ಪದವಿಯ ಬಗ್ಗೆ ನಮ್ಮ ಪತ್ರಿಕೆಗಳು ಪುಟಗಟ್ಟಲೆ ಬರೆದವು. ನನಗೆ ಮಾತ್ರ ನ್ಯೂಫೌಂಡ್‌ಲ್ಯಾಂಡಿನ ಆ ತಂದೆಯೇ ಹೆಚ್ಚು ನೆನಪಾಗುತ್ತಾರೆ.

ಅಮೆರಿಕದ ಕತೆ ಇನ್ನೂ ಸ್ವಾರಸ್ಯದ್ದು. 1965ರಲ್ಲಿ ಅದು ತನ್ನ ವಲಸೆಯ ಬಾಗಿಲನ್ನು ಏಷ್ಯಾದವರಿಗೂ ತೆರೆಯಿತು, ಡಾಕ್ಟರುಗಳು ಬಹಳ ಮಂದಿ ಹೋದರು. 1976ರಲ್ಲಿ, ಇನ್ನು ನಮ್ಮಲ್ಲಿ ಡಾಕ್ಟರುಗಳ ಕೊರತೆಯಿಲ್ಲ ಎಂದು ಕಾನೂನಿನಲ್ಲೇ ಬರೆದು ಆ ಬಾಗಿಲನ್ನು ಅರ್ಧ ಮುಚ್ಚಿತು. ಅಲ್ಲಿಂದ ಮುಂದೆ ಜೆ-1 ಎಂಬ ವಿನಿಮಯ ವೀಸಾದಲ್ಲಿ ತರಬೇತಿಗೆ ಹೋದ ಡಾಕ್ಟರು ತರಬೇತಿ ಮುಗಿದ ಮೇಲೆ ಎರಡು ವರ್ಷ ತನ್ನ ದೇಶದಲ್ಲಿ ಇದ್ದು ಬರಬೇಕು. ಕಲಿತದ್ದು ತಾಯ್ನಾಡಿಗೆ ಉಪಯೋಗವಾಗಲಿ ಎಂಬುದು ಉದ್ದೇಶ.

ಉದ್ದೇಶ ಒಳ್ಳೆಯದೇ. ಆದರೆ ಅಮೆರಿಕದ ಹಳ್ಳಿಗಳಿಗೆ ಡಾಕ್ಟರು ಬರಲಿಲ್ಲ. ನಾರ್ತ್ ಡಕೋಟ ಎಂಬ ರಾಜ್ಯ ಕೆನಡಾದ ಗಡಿಯಲ್ಲಿದೆ. ಗೋಧಿಯ ಬಯಲು, ಹಿಮ, ಒಂದು ಊರಿಗೂ ಇನ್ನೊಂದು ಊರಿಗೂ ಬಲು ದೂರ. ಅಲ್ಲಿನ ಸೆನೆಟರ್ ಕೆಂಟ್ ಕಾನ್ರಾಡ್ 1994ರಲ್ಲಿ ಒಂದು ತಿದ್ದುಪಡಿ ತಂದರು. ಡಾಕ್ಟರುಗಳ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ಪೂರ್ಣಾವಧಿ ಕೆಲಸ ಮಾಡಲು ಒಪ್ಪಿದರೆ, ತಾಯ್ನಾಡಿಗೆ ಹೋಗಬೇಕಾದ ಆ ಎರಡು ವರ್ಷ ಮಾಫಿ. ಮೊದಲು ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 20 ಜನ, 2002ರಿಂದ 30 ಜನ. ಐವತ್ತು ರಾಜ್ಯಗಳ ಲೆಕ್ಕ ಹಿಡಿದರೆ ವರ್ಷಕ್ಕೆ 1500 ಡಾಕ್ಟರುಗಳಿಗೆ ಅವಕಾಶ. ಇದು ಖಾಯಂ ಕಾನೂನಾಗಲಿಲ್ಲ, ಗಡುವು ಮುಗಿದಾಗಲೆಲ್ಲ ನವೀಕರಿಸುತ್ತ ಬಂದಿದ್ದಾರೆ. ನಮ್ಮ ಹುಡುಗ ಹೋದದ್ದು ಈ ದಾರಿಯಲ್ಲೇ.

ಇದರಲ್ಲಿ ಅವನಿಗೆ ಕಷ್ಟವಿಲ್ಲವೆಂದಲ್ಲ. ಮೂರು ವರ್ಷ ಮುಗಿಯುವ ತನಕ ಕೆಲಸ ಕೊಟ್ಟ ಆಸ್ಪತ್ರೆಯನ್ನು ಸುಲಭವಾಗಿ ಬಿಡುವಂತಿಲ್ಲ. ಆಮೇಲೂ ಗ್ರೀನ್ ಕಾರ್ಡಿನ ಸರದಿ ಇದ್ದೇ ಇದೆ. ಅದರಲ್ಲಿ ಒಂದು ದೇಶಕ್ಕೆ ನೂರಕ್ಕೆ ಏಳರ ಮಿತಿ. ಪುಟ್ಟ ಮಾಲ್ಡೀವ್ಸಿಗೂ ಅಷ್ಟೇ, ಭಾರತಕ್ಕೂ ಅಷ್ಟೇ. "ಮೂರು ವರ್ಷ ಅಂತ ಅಮ್ಮನಿಗೆ ಹೇಳಿದ್ದೇನೆ ಅಕ್ಕೋರೆ, ಮುಂದಿನದು ನನಗೂ ಗೊತ್ತಿಲ್ಲ" ಎಂದ.

ಅವನು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತು. ಜೆ-1 ವೀಸಾ ಸಿಗಬೇಕಾದರೆ ಡಾಕ್ಟರಿನ ತಾಯ್ನಾಡಿನ ಆರೋಗ್ಯ ಸಚಿವಾಲಯ ಒಂದು ಪತ್ರ ಕೊಡಬೇಕು. ಈ ವಿದ್ಯೆ ಕಲಿತವರ ಅಗತ್ಯ ನಮ್ಮ ದೇಶಕ್ಕಿದೆ, ಕಲಿತು ಮರಳುವುದಾಗಿ ಈತ ಬರೆದುಕೊಟ್ಟಿದ್ದಾನೆ ಎಂದು ಅದರಲ್ಲಿರುತ್ತದೆ. ನಮ್ಮ ಹುಡುಗನೂ ದಿಲ್ಲಿಯಿಂದ ಅಂಥ ಪತ್ರ ಪಡೆದೇ ಹೋದವನು. ಅಂದರೆ ನಮ್ಮ ಅಗತ್ಯ ಮೊಹರು ಬಿದ್ದ ಸರ್ಕಾರಿ ಕಾಗದದಲ್ಲಿ ದಾಖಲಾಗಿದೆ. ಅಮೆರಿಕದ ಹಳ್ಳಿಯ ಅಗತ್ಯವೂ ದಾಖಲಾಗಿದೆ. ಎರಡನ್ನೂ ತಕ್ಕಡಿಗೆ ಹಾಕಿದಾಗ ಅವರ ತಟ್ಟೆಯೇ ಕೆಳಗಿಳಿಯಿತು.

ನಮ್ಮ ಅಗತ್ಯ ಎಷ್ಟೆಂದು ನನಗೆ ಗೊತ್ತು. ಮುರ್ಡೇಶ್ವರದಿಂದ ಮಣಿಪಾಲಕ್ಕೆ ಸುಮಾರು ನೂರು ಕಿಲೋಮೀಟರು. ಕುಮಟಾ, ಹೊನ್ನಾವರದವರಿಗೆ ಅದಕ್ಕಿಂತ ದೂರ. 2009ರ ಶ್ರಾವಣದಲ್ಲಿ, ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ಎದೆನೋವು ಬಂತು. ನೋಡಿದ ಡಾಕ್ಟರು, ಇದು ಇಲ್ಲಿ ಆಗುವುದಲ್ಲ, ಮಣಿಪಾಲಕ್ಕೆ ಒಯ್ಯಿರಿ ಎಂದರು. ಅವರದು ತಪ್ಪಲ್ಲ. ಭಟ್ಕಳ ದಾಟಿದೆವು, ಬೈಂದೂರು ದಾಟಿದೆವು. ಮರವಂತೆಯಲ್ಲಿ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಹೊಳೆ, ನಡುವೆ ನಮ್ಮ ಗಾಡಿ. ಅಲ್ಲಿಯವರೆಗೆ ಅಪ್ಪ ನನ್ನ ಕೈ ಹಿಡಿದುಕೊಂಡಿದ್ದರು. ಕುಂದಾಪುರ ಬರುವಷ್ಟರಲ್ಲಿ ಹಿಡಿದುಕೊಂಡಿದ್ದವಳು ನಾನೊಬ್ಬಳೇ.

2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟಿನಲ್ಲಿ ಜಾರಿ ಅಪ್ಪಳಿಸಿ ನಾಲ್ವರು ಸತ್ತರು. ಆ ತಿಂಗಳು ಉತ್ತರ ಕನ್ನಡದ ಜನ, ನಮಗೊಂದು ದೊಡ್ಡ ಆಸ್ಪತ್ರೆ ಕೊಡಿ ಎಂದು ದನಿಯೆತ್ತಿದರು. ಆ ರಸ್ತೆಯಲ್ಲಿ ಹೋದವರು ಇಲ್ಲದ ಮನೆ ನಮ್ಮ ಕರಾವಳಿಯಲ್ಲಿ ಕಡಿಮೆ.

ಹಾಗೆಂದು ಹುಡುಗನನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ಅವನು ಕಲಿತದ್ದು ಹೃದಯದ ಚಿಕಿತ್ಸೆ. ನಾಳೆಯೇ ಬಂದರೂ ಅದಕ್ಕೆ ಬೇಕಾದ ಯಂತ್ರ, ತರಬೇತಾದ ದಾದಿಯರು, ರಕ್ತನಿಧಿ ಎಲ್ಲಿ? ಬರಿಗೈಯ ಡಾಕ್ಟರೂ ಕೊನೆಗೆ ಮಣಿಪಾಲಕ್ಕೆ ಒಯ್ಯಿರಿ ಎಂದೇ ಹೇಳಬೇಕಾಗುತ್ತದೆ.

ನಮ್ಮ ರಾಜ್ಯವೂ ಸುಮ್ಮನೆ ಕೂರಲಿಲ್ಲ. ವೈದ್ಯಕೀಯ ಓದು ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದು 2012ರಲ್ಲಿ ಕಾಯ್ದೆ ಮಾಡಿತು. ತಪ್ಪಿದರೆ ಲಕ್ಷಗಟ್ಟಲೆ ದಂಡ. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು, 2019ರಲ್ಲಿ ಹೈಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಆಮೇಲೆ ಖಾಲಿ ಹುದ್ದೆ ಇದ್ದಷ್ಟು ಜನರಿಗೆ ಮಾತ್ರ ಎಂದು ಸಡಿಲಿಸಿದರು. ಎರಡೂ ಕಡೆಯದು ಕರಾರೇ. ಆದರೆ ಅವರು ಹಳ್ಳಿಯನ್ನು ಮುಂದಿನ ಬಾಳಿಗೆ ಮೆಟ್ಟಿಲು ಮಾಡಿದರು, ನಾವು ದಂಡ ಕಟ್ಟಿ ತಪ್ಪಿಸಿಕೊಳ್ಳುವ ಶಿಕ್ಷೆ ಮಾಡಿದೆವು. ಅವರು ಮೊದಲು ಊರುಗಳನ್ನು ಎಣಿಸಿದರು. 3500 ಜನರಿಗೆ ಒಬ್ಬ ಡಾಕ್ಟರೂ ಇಲ್ಲದಿದ್ದರೆ ಅದು ಕೊರತೆಯ ಪ್ರದೇಶ ಎಂಬುದು ಪ್ರಾಥಮಿಕ ಚಿಕಿತ್ಸೆಗೆ ಅವರ ಸಾಮಾನ್ಯ ಅಳತೆ. ಡಾಕ್ಟರಿಲ್ಲದ ಊರಿಗೆ ಅವರಲ್ಲಿ ಒಂದು ಬೆಲೆಯಿದೆ. ವೀಸಾ ಎಂಬ ನಾಣ್ಯದಲ್ಲಿ ಅದನ್ನು ಕೊಡುತ್ತಾರೆ, ಅಷ್ಟೇ.

ಚೌತಿಯ ಮರುದಿನ ಆ ತಾಯಿ ಪಂಚಕಜ್ಜಾಯ ಹಿಡಿದು ಮತ್ತೆ ಬಂದರು. ಶಾಲೆಯ ಅಟ್ಲಾಸು ತೆಗೆದು ನಾರ್ತ್ ಡಕೋಟ ತೋರಿಸಿದೆ. ಅವರು ಬೆರಳಿಟ್ಟು ಬಹಳ ಹೊತ್ತು ನೋಡಿದರು. "ಸಮುದ್ರ ಇಲ್ವಲ್ಲ" ಎಂದರು. ದಿಲ್ಲಿಯ ಪತ್ರದ ಸಂಗತಿಯನ್ನೂ ಬಿಡಿಸಿ ಹೇಳಿದೆ. ಹೇಳಬಾರದಿತ್ತೋ ಏನೋ.

"ಅಲ್ಲಿಯವ್ರಿಗೂ ಡಾಕ್ಟ್ರು ಬೇಕಲ್ಲ ಅಕ್ಕೋರೆ, ಅಲ್ಲೂ ನನ್ನಂಥ ಮುದುಕಿ ಇರ್ತಾಳೆ. ಅವ ನೋಡ್ಲಿ. ಆದ್ರೆ ನಮಗೆ ಬೇಕು ಅಂತ ಬರ್ದು ಕೊಟ್ಟವ್ರು ಒಂದ್ಸಲನಾದ್ರೂ ಅವನ್ನ ಕರೀಲಿಲ್ವಾ?"

ಯಾರೂ ಕರೆದಿಲ್ಲ ಎಂದು ಹುಡುಗ ನನಗೆ ಹೇಳಿದ್ದ. ಅದನ್ನು ಅವರಿಗೆ ಹೇಳಲು ಬಾಯಿ ಬರಲಿಲ್ಲ. ಅಟ್ಲಾಸು ಮಡಿಚಿಟ್ಟು ಚಹಾಕ್ಕೆ ನೀರಿಡಲು ಒಳಗೆ ಹೋದೆ.