ಕಾಳಿಗೆ ಕಲ್ಲಿದೆ, ಸವಾರನಿಗಿಲ್ಲ

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದವರು ಮಂಜನ್ನೂ ಆನೆಗಳನ್ನೂ ನೆನಪಿಟ್ಟುಕೊಂಡು ಇಳಿದು ಬರುತ್ತಾರೆ. ಇದಕ್ಕೆ ಬೆಟ್ಟದಕೋಟೆ ಎಂಬ ಇನ್ನೊಂದು ಹೆಸರೂ ಇದೆ. ನವದಣ್ಣಾಯಕರು ಇಲ್ಲಿ ಕೋಟೆ ಕಟ್ಟಿಕೊಂಡಿದ್ದರೆಂದು ಐತಿಹ್ಯ. ಕೆಳಗೆ ಗುಂಡ್ಲುಪೇಟೆಯಲ್ಲಿ ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ನೆನಪಿಗೆ ಕಟ್ಟಿಸಿದ ಪರವಾಸುದೇವ ದೇವಾಲಯವಿದೆ. ದಣ್ಣಾಯಕರಿಗೆ ಐತಿಹ್ಯ, ಅರಸನ ತಂದೆಗೆ ಗುಡಿ. ಅವರಿಗಾಗಿ ಕಾದಿ ಸತ್ತವನಿಗೆ ಏನಿತ್ತು?

ಅವನಿಗೂ ಒಂದು ಕಲ್ಲಿತ್ತು. ವೀರಗಲ್ಲನ್ನು ನಾವು ಶಿಲ್ಪವಾಗಿ ನೋಡಿ ಮುಂದೆ ಹೋಗುತ್ತೇವೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಲಿಂಗ. ಆದರೆ ಬರಹವಿರುವ ವೀರಗಲ್ಲು ಒಂದು ದಾಖಲೆಯೂ ಹೌದು. ಸತ್ತವನು ಯಾರು, ಯಾವ ಊರಿನವನು, ತುರುಗಳನ್ನು ಬಿಡಿಸಲು ಹೋಗಿ ಸತ್ತನೋ ಊರಳಿವಿನಲ್ಲಿ ಸತ್ತನೋ, ಅವನ ಮನೆಯವರಿಗೆ ಏನು ಸಿಕ್ಕಿತು ಎಂಬುದನ್ನು ಅದು ಹೇಳುತ್ತದೆ. ಹಾಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರೇ ಇತ್ತು.

ಈ ವಿಷಯದಲ್ಲಿ ನಮ್ಮವರು ಎಷ್ಟು ಕಟ್ಟುನಿಟ್ಟಾಗಿದ್ದರು ಎಂಬುದಕ್ಕೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ನೋಡಬೇಕು. ಕಾಲ ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಏನು ಬೇಕೆಂದು ಒಡೆಯ ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಮುಂದೆ ಹಂದಿಯೊಡನೆ ಹೋರಾಡಿ ಸತ್ತಿತು. ಅದಕ್ಕೂ ಕಲ್ಲು ನೆಟ್ಟರು, ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪ ತಟ್ಟುತ್ತದೆಂದೂ ಬರೆಸಿದರು! ಅಂದರೆ ನೆನಪನ್ನು ದಿನವೂ ಮಾಡಬೇಕಾದ ಕೆಲಸವಾಗಿ ಒಬ್ಬನಿಗೆ ಒಪ್ಪಿಸಿದ್ದರು.

ಅಲ್ಲಿಂದ ಸುಮಾರು ಸಾವಿರ ವರ್ಷ ಈಚೆಗೆ ಬನ್ನಿ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಮೈಸೂರು ಸಂಸ್ಥಾನದ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್, ಹಡಗು ಹತ್ತಿ ಈಜಿಪ್ಟಿಗೆ ಹೋಯಿತು. ಸೂಯೆಜ್ ಕಾಲುವೆ ಕಾದು, ಪ್ಯಾಲೆಸ್ಟೀನಿನ ಮರಳು ದಾಟಿ, 1918ರ ಸೆಪ್ಟೆಂಬರ್ 23ರಂದು ಹೈಫಾ ತಲುಪಿತು. ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿದ್ದರು. ಜೋಧಪುರದವರು ಕೆಳಗಿನಿಂದ ಊರಿಗೆ ನುಗ್ಗಿದರು. ಭರ್ಜಿ ಹಿಡಿದವರು ಮಷಿನ್ ಗನ್ನುಗಳ ಎದುರು! ಸೆರೆ ಸಿಕ್ಕ ಶತ್ರುಗಳು 1,350, ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಮೈಸೂರು, ಜೋಧಪುರ, ಹೈದರಾಬಾದಿನ ಲ್ಯಾನ್ಸರ್‌ಗಳದ್ದು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರೂ ಸೇರಿತು.

ಹೈಫಾ ಗೆಲುವು, ಹಾಗಾಗಿ ಅದು ಭಾಷಣಗಳಲ್ಲಿ ಬರುತ್ತದೆ. ಹರಿತಾನ್ ಬರುವುದಿಲ್ಲ. ಅಕ್ಟೋಬರ್ 26ರಂದು, ಈಗಿನ ಸಿರಿಯಾದ ಅಲೆಪ್ಪೊ ಪಟ್ಟಣದ ಉತ್ತರಕ್ಕಿರುವ ಆ ಊರಿನ ಬಳಿ, ಮುಸ್ತಫಾ ಕೆಮಾಲನ ಪಡೆಯ ಮೇಲೆ ಇದೇ ಮೈಸೂರು, ಜೋಧಪುರದ ಸವಾರರು ಎರಗಿದರು. ಎದುರಿಗಿದ್ದವರ ಸಂಖ್ಯೆ ಅಂದುಕೊಂಡದ್ದಕ್ಕಿಂತ ಬಹಳ ಹೆಚ್ಚಿತ್ತು. 21 ಮಂದಿ ಸತ್ತರು, 56 ಮಂದಿ ಗಾಯಗೊಂಡರು, 3 ಮಂದಿ ಕಾಣೆಯಾದರು. ಇನ್ನು ನಾಲ್ಕೇ ದಿನಕ್ಕೆ, ಅಕ್ಟೋಬರ್ 30ರಂದು, ತುರ್ಕಿಯೊಡನೆ ಕದನವಿರಾಮದ ಒಪ್ಪಂದವಾಯಿತು. ನನ್ನನ್ನು ಕಾಡುವುದು ಆ ಕಾಣೆಯಾದ ಮೂವರು.

ಈ ಪಡೆಯಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಸುಟ್ಟ ದೇಹಕ್ಕೆ ಗೋರಿಯಿಲ್ಲ. ಹೂತವನ ಮೇಲೆ ಗುರುತು ನೆಡಲು, ದಿನಕ್ಕೊಂದು ಊರು ದಾಟುವ ದಂಡಿಗೆ ಪುರುಸೊತ್ತು ಎಲ್ಲಿ? ಗೋರಿಯಿಲ್ಲದವರಿಗೆ ಹೆಸರಾದರೂ ಉಳಿಯಬೇಕಿತ್ತು. ಈಜಿಪ್ಟ್, ಪ್ಯಾಲೆಸ್ಟೀನಿನಲ್ಲಿ ಮಡಿದ ಸುಮಾರು 4,000 ಭಾರತೀಯ ಸೈನಿಕರಿಗಾಗಿ ಸೂಯೆಜ್ ಬಳಿಯ ಪೋರ್ಟ್ ತೌಫೀಕಿನಲ್ಲಿ 1926ರಲ್ಲಿ ಸ್ಮಾರಕವೊಂದು ಎದ್ದಿತು. ಈಜಿಪ್ಟ್–ಇಸ್ರೇಲ್ ಕಾಳಗದಲ್ಲಿ ಅದೂ ಹಾಳಾಗಿ ನೆಲಸಮವಾಯಿತು. 1980ರಲ್ಲಿ ಕೈರೋದ ಹೀಲಿಯೊಪೊಲಿಸ್ ಸ್ಮಶಾನದಲ್ಲಿ ಹೊಸ ಫಲಕಗಳನ್ನು ಹಾಕಿದರು. ಬಸ್ರಾದ ಸ್ಮಾರಕದ ಕಥೆ ಇನ್ನೂ ಕೆಟ್ಟದ್ದು. ಅಲ್ಲಿ ಭಾರತದ ಅಧಿಕಾರಿಗಳ ಹೆಸರು ಕೆತ್ತಿ, ಸಾಮಾನ್ಯ ಸೈನಿಕರನ್ನು ರೆಜಿಮೆಂಟಿನ ಕೆಳಗೆ ಬರೀ ಸಂಖ್ಯೆಯಾಗಿ ನಮೂದಿಸಿದ್ದರು. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ ತನ್ನ 2021ರ ವರದಿಯಲ್ಲಿ, ಭಾರತ, ಆಫ್ರಿಕಾ ಮುಂತಾದ ಕಡೆಯ ಕನಿಷ್ಠ 1,16,000 ಮಂದಿಗೆ ಹೆಸರಿನ ಸ್ಮರಣೆ ಸಿಗಲಿಲ್ಲವೆಂದು, ಕೆಲವರಿಗೆ ಯಾವ ಸ್ಮರಣೆಯೂ ಸಿಗಲಿಲ್ಲವೆಂದು ಒಪ್ಪಿಕೊಂಡು ಕ್ಷಮೆ ಕೇಳಿತು.

ಸಾಮ್ರಾಜ್ಯಕ್ಕಾಗಿ ಸತ್ತವರನ್ನು ನಾವೇಕೆ ನೆನೆಯಬೇಕು ಎಂದು ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ವೀರಗಲ್ಲು ನೆಟ್ಟವರು ಆ ಯುದ್ಧ ಸರಿಯೋ ತಪ್ಪೋ ಎಂದು ತೂಗಿ ಕಲ್ಲು ನಿಲ್ಲಿಸಲಿಲ್ಲ. ಹೋದವನು ಮನೆಗೆ ಬರಲಿಲ್ಲ ಎಂಬುದಕ್ಕಾಗಿ ನಿಲ್ಲಿಸಿದರು. ನನಗೆ ಆ ಕ್ರಮ ಸರಿಯೆನಿಸುತ್ತದೆ. ಇನ್ನೊಂದು ಕಂಚಿನ ಪ್ರತಿಮೆ ಬೇಡ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕಸ್ತಂಭವೊಂದು ಈಗಾಗಲೇ ನಿಂತಿದೆ. ಬೇಕಿರುವುದು ಸಂಸ್ಥಾನದ ಸೇನಾ ಕಡತಗಳನ್ನು ಬಿಚ್ಚಿ, ಆಯೋಗದ ಪಟ್ಟಿಯೊಡನೆ ಹೋಲಿಸಿ ನೋಡುವ ಕೆಲಸ. ಇಂಗ್ಲಿಷ್ ಗುಮಾಸ್ತರ ಕೈಯಲ್ಲಿ ಸೊಟ್ಟಗಾದ ಹೆಸರುಗಳನ್ನು ಮನೆಯಲ್ಲಿ ಕರೆಯುತ್ತಿದ್ದ ರೂಪಕ್ಕೆ ತರಬೇಕು. ಪಕ್ಕದಲ್ಲಿ ಅವರವರ ಊರಿನ ಹೆಸರು ಬರೆಯಬೇಕು, ಆಮೇಲೆ ಆ ಊರಿಗೇ ಹೋಗಿ ಆ ಪಟ್ಟಿಯನ್ನು ಓದಬೇಕು.