ಡೀಸೆಲ್ ಟ್ರ್ಯಾಕ್ಟರ್: ಚಳಿಗಾಲದ ಚಾಲನಾ ತೊಂದರೆ ಮತ್ತು ದೋಷಶೋಧನೆ

ರಾತ್ರಿಯಿಡೀ ಬಯಲಲ್ಲಿ ನಿಂತು ತಣಿದ ಡೀಸೆಲ್ ಎಂಜಿನ್ ಬೆಳಗಿನ ಹೊತ್ತು ಚಾಲನೆಗೊಳ್ಳದಿರುವುದು ಅಥವಾ ಬಹಳ ಹೊತ್ತು ತಿರುಗಿಸಿದ ಮೇಲಷ್ಟೇ ಬಿಳಿ ಹೊಗೆಯುಗುಳುತ್ತ ಚಾಲನೆಗೊಳ್ಳುವುದು ಚಳಿಗಾಲದ ಚಾಲನಾ ತೊಂದರೆ ಎನಿಸಿಕೊಳ್ಳುತ್ತದೆ. ಹಿಮ ಬೀಳುವ ನಾಡುಗಳಲ್ಲಿ ಇಂಧನವೇ ಹೆಪ್ಪುಗಟ್ಟುವುದು ಇದಕ್ಕೆ ಮುಖ್ಯ ಕಾರಣವಾದರೆ, ಮೈಸೂರು ಸೀಮೆಯಂಥ ಸೌಮ್ಯ ಹವೆಯ ಪ್ರದೇಶಗಳಲ್ಲಿ ಚಳಿಯೊಂದೇ ಎಂಜಿನನ್ನು ನಿಲ್ಲಿಸುವುದು ಅಪರೂಪ. ಬ್ಯಾಟರಿ, ಇಂಧನ ಮಾರ್ಗ ಅಥವಾ ಸಿಲಿಂಡರಿನಲ್ಲಿ ಮೊದಲೇ ಇದ್ದ ದೌರ್ಬಲ್ಯವನ್ನು ಅದು ಹೊರಗೆಡಹುತ್ತದೆ.

ಪ್ರಾದೇಶಿಕ ಹಿನ್ನೆಲೆ

ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ಡಿಸೆಂಬರ್–ಜನವರಿಯ ರಾತ್ರಿಗಳ ಉಷ್ಣತೆ ಸಾಮಾನ್ಯವಾಗಿ 15–17 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. 2012ರ ಜನವರಿಯಲ್ಲಿ ಅದು 7.7 ಡಿಗ್ರಿಗೆ ಇಳಿದದ್ದೂ ಉಂಟು. ಕಾವೇರಿ ನೀರಾವರಿ ಸೀಮೆಯಲ್ಲಿ ಮುಂಗಾರು ಭತ್ತದ ಕೊಯ್ಲು, ಒಕ್ಕಣೆ, ಹುಲ್ಲಿನ ಸಾಗಣೆ ಮತ್ತು ಕಬ್ಬಿನ ಸಾಗಣೆ ನಡೆಯುವುದು ಇದೇ ತಿಂಗಳುಗಳಲ್ಲಾದ್ದರಿಂದ ಟ್ರ್ಯಾಕ್ಟರುಗಳು ನಸುಕಿನಲ್ಲೇ ಹೊರಡಬೇಕಾಗುತ್ತದೆ. ನಗರದ ವಾಯವ್ಯ ಭಾಗದ ಕುಂಬಾರಕೊಪ್ಪಲಿನಂತೆ ಊರೊಳಗೆ ಬೆರೆತುಹೋದ ಹಳೆಯ ಕೊಪ್ಪಲುಗಳಲ್ಲಿ ಟ್ರ್ಯಾಕ್ಟರಿಗೆ ಚಾವಣಿ ಒದಗದೆ ಅದು ಮಂಜಿಗೆ ಮೈಯೊಡ್ಡಿ ಬೀದಿಬದಿಯಲ್ಲೇ ನಿಲ್ಲುವಾಗ ಈ ತೊಂದರೆ ಇನ್ನಷ್ಟು ಎದ್ದು ಕಾಣುತ್ತದೆ.

ಉಷ್ಣತೆಯ ಪಾತ್ರ

ರುಡಾಲ್ಫ್ ಡೀಸೆಲ್ 1890ರ ದಶಕದಲ್ಲಿ ರೂಪಿಸಿದ ಎಂಜಿನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಪಿಸ್ಟನ್ ಮೇಲೇರುತ್ತ ಸಿಲಿಂಡರಿನೊಳಗಿನ ಗಾಳಿಯನ್ನು ಅದರ ಮೂಲ ಗಾತ್ರದ ಹದಿನಾರನೆಯ ಅಥವಾ ಹದಿನೆಂಟನೆಯ ಒಂದು ಪಾಲಿಗೆ ಒತ್ತಿದಾಗ—ಈ ಪ್ರಮಾಣಕ್ಕೆ ಸಂಪೀಡನ ಅನುಪಾತ ಎನ್ನುತ್ತಾರೆ—ಗಾಳಿ ಕಾದು, ನಾಜಲ್ ಸಿಂಪಡಿಸುವ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಒಳಸೇರುವ ಗಾಳಿ 20 ಡಿಗ್ರಿಯಷ್ಟು ಹೆಚ್ಚು ತಣ್ಣಗಿದ್ದರೆ, ಸೈದ್ಧಾಂತಿಕ ಲೆಕ್ಕದಂತೆ, ಸಂಪೀಡನದ ಕೊನೆಯಲ್ಲಿ ಅದರ ಉಷ್ಣತೆ 50–60 ಡಿಗ್ರಿಯಷ್ಟು ಕಡಿಮೆಯಾಗುತ್ತದೆ. ತಣ್ಣಗಿರುವ ಸಿಲಿಂಡರಿನ ಗೋಡೆಗಳು ಇನ್ನಷ್ಟು ಶಾಖವನ್ನು ಹೀರುತ್ತವೆ. ಎಂಜಿನ್ ನಿಧಾನವಾಗಿ ತಿರುಗಿದಷ್ಟೂ ಶಾಖ ಸೋರಿಹೋಗಲು, ಗಾಳಿ ಪಿಸ್ಟನ್ ರಿಂಗುಗಳ ಪಕ್ಕದಿಂದ ನುಸುಳಲು ಹೆಚ್ಚು ಸಮಯ ಸಿಗುವುದರಿಂದ, ತಿರುಗುವ ವೇಗವೇ ಚಾಲನೆಯ ನಿರ್ಣಾಯಕ ಅಂಶವಾಗುತ್ತದೆ.

ದೋಷಶೋಧನೆಯ ಕ್ರಮ

ಬಿಡಿಭಾಗಗಳನ್ನು ಬಿಚ್ಚುವ ಮುನ್ನ ಮೂರು ಸಂಗತಿಗಳನ್ನು ಗಮನಿಸಬೇಕು: ಎಂಜಿನ್ ತಿರುಗುತ್ತಿದೆಯೇ, ಎಷ್ಟು ವೇಗವಾಗಿ ತಿರುಗುತ್ತಿದೆ, ತಿರುಗುವಾಗ ಸೈಲೆನ್ಸರಿನಿಂದ ಹೊಗೆ ಬರುತ್ತಿದೆಯೇ. ಎಂಜಿನ್ ತಿರುಗದಿದ್ದರೆ ಅಥವಾ ಎಳೆದೆಳೆದು ತಿರುಗಿದರೆ ದೋಷ ವಿದ್ಯುತ್ ವ್ಯವಸ್ಥೆಯಲ್ಲಿದೆ ಎಂದೂ, ಚುರುಕಾಗಿ ತಿರುಗಿಯೂ ಹೊಗೆಯೇ ಬರದಿದ್ದರೆ ಡೀಸೆಲ್ ಸಿಲಿಂಡರನ್ನು ತಲುಪುತ್ತಿಲ್ಲ ಎಂದೂ, ಬಿಳಿ ಹೊಗೆ ಬಂದರೆ ಡೀಸೆಲ್ ತಲುಪಿಯೂ ಉರಿಯಲು ಬೇಕಾದ ಶಾಖ ಸಾಲುತ್ತಿಲ್ಲ ಎಂದೂ ತಿಳಿಯಬಹುದು. ಕಪ್ಪು ಹೊಗೆ ಬರುವುದು ಗಾಳಿಯ ಕೊರತೆಯ ಗುರುತಾದ್ದರಿಂದ ಏರ್ ಕ್ಲೀನರನ್ನು ನೋಡಬೇಕು. ಎಂಜಿನ್ ನಿಲ್ಲಿಸಲು ಎಳೆದ ಸ್ಟಾಪ್ ನಾಬ್ ಹಿಂದಕ್ಕೆ ಸರಿಯದೆ ಉಳಿದಿದ್ದರೂ ಇಂಧನ ಹರಿಯುವುದಿಲ್ಲವಾಗಿ ಅದನ್ನು ಎಲ್ಲಕ್ಕಿಂತ ಮೊದಲು ಪರಿಶೀಲಿಸುವುದು ವಾಡಿಕೆ.

ಬ್ಯಾಟರಿ ಮತ್ತು ಸೆಲ್ಫ್

ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ ಅದರ ಶಕ್ತಿ ಕುಗ್ಗುವ ಹೊತ್ತಿನಲ್ಲೇ ಎಂಜಿನ್ ಆಯಿಲ್ ದಪ್ಪವಾಗಿ ಸ್ಟಾರ್ಟರ್ ಮೋಟಾರಿನ, ಅಂದರೆ ರೂಢಿಯ ಮಾತಿನ ಸೆಲ್ಫಿನ, ಹೊರೆ ಹೆಚ್ಚುತ್ತದೆ. ಪೂರ್ಣ ಚಾರ್ಜಾದ 12 ವೋಲ್ಟಿನ ಬ್ಯಾಟರಿ ಬಿಡುವಿನಲ್ಲಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ತಿರುಗಿಸುವಾಗ ಅದು 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿ ದುರ್ಬಲವಾಗಿದೆ ಅಥವಾ ಸೆಲ್ಫ್ ಅತಿಯಾದ ವಿದ್ಯುತ್ತನ್ನು ಎಳೆಯುತ್ತಿದೆ ಎಂದರ್ಥ. ಬ್ಯಾಟರಿ ಸರಿಯಿದ್ದೂ ಬರಿಯ ‘ಟಕ್’ ಎಂಬ ಸದ್ದು ಬಂದು ಸೆಲ್ಫ್ ತಿರುಗದಿದ್ದರೆ ಟರ್ಮಿನಲ್‌ಗಳ ಮೇಲೆ ಕಟ್ಟಿದ ಬಿಳಿ ಅಥವಾ ಹಸಿರು ಪುಡಿಯನ್ನು ಬಿಸಿನೀರು, ಅಡುಗೆ ಸೋಡಾಗಳಿಂದ ತೊಳೆದು, ಅರ್ತಿಂಗ್ ತಂತಿಯನ್ನು ಬಿಗಿಮಾಡಿ, ವ್ಯಾಸಲಿನ್ ಸವರಬೇಕು. ಸೆಲ್ಫನ್ನು ಒಂದು ಬಾರಿಗೆ 10–15 ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯದೆ, ಪ್ರತಿಸಲವೂ ಕನಿಷ್ಠ ಒಂದು ನಿಮಿಷ ಬಿಡುವು ಕೊಟ್ಟರೆ ಅದರ ಸುರುಳಿಗಳು ಸುಡುವುದಿಲ್ಲ.

ಇಂಧನ ಮಾರ್ಗ

ಭಾರತೀಯ ಮಾನಕ ಬ್ಯೂರೋದ ಐಎಸ್ 1460 ಮಾನಕವು ಚಳಿಯಲ್ಲಿ ಫಿಲ್ಟರ್ ಕಟ್ಟಿಕೊಳ್ಳುವ ಬಿಂದುವನ್ನು, ಅಂದರೆ ಡೀಸೆಲ್‌ನಲ್ಲಿರುವ ಮೇಣದ ಹರಳುಗಳು ಫಿಲ್ಟರಿನ ರಂಧ್ರಗಳನ್ನು ಮುಚ್ಚುವಷ್ಟು ಬೆಳೆಯುವ ಉಷ್ಣತೆಯನ್ನು, ಚಳಿಗಾಲದ ಡೀಸೆಲ್‌ಗೆ ಗರಿಷ್ಠ 6 ಡಿಗ್ರಿ, ಬೇಸಿಗೆಯದಕ್ಕೆ ಗರಿಷ್ಠ 18 ಡಿಗ್ರಿ ಎಂದು ನಿಗದಿಪಡಿಸಿದೆ. ಮೈಸೂರಿನ ಚಳಿ 6 ಡಿಗ್ರಿಯನ್ನು ಮುಟ್ಟದಾದ್ದರಿಂದ ಚಳಿಗಾಲದ ಡೀಸೆಲ್ ಇಲ್ಲಿ ಮೇಣಗಟ್ಟುವ ಸಂಭವವಿಲ್ಲ. ಬೇಸಿಗೆಯಿಂದ ಕ್ಯಾನಿನಲ್ಲಿ ಉಳಿಸಿಟ್ಟ ಡೀಸೆಲ್‌ಗೆ ಮಾತ್ರ ಆ ಭರವಸೆ ಅನ್ವಯಿಸುವುದಿಲ್ಲ. ಲಡಾಖಿನಲ್ಲಿ ಪರಿಸ್ಥಿತಿ ಬೇರೆಯಾಗಿದ್ದು, ಅಲ್ಲಿಗಾಗಿ ಇಂಡಿಯನ್ ಆಯಿಲ್ ಸಂಸ್ಥೆ ಶೂನ್ಯಕ್ಕಿಂತ 33 ಡಿಗ್ರಿ ಕೆಳಗೂ ಹರಿಯುವ ವಿಶೇಷ ಡೀಸೆಲನ್ನು 2019ರಲ್ಲಿ ಬಿಡುಗಡೆ ಮಾಡಿತು.

ಮೈಸೂರು ಸೀಮೆಯಲ್ಲಿ ಹೆಚ್ಚಾಗಿ ಕಾಣುವುದು ನೀರು ಮತ್ತು ಗಾಳಿಯ ತೊಂದರೆ. ಅರೆ ತುಂಬಿದ ಟ್ಯಾಂಕಿನ ಒಳಗೋಡೆಯ ಮೇಲೆ ರಾತ್ರಿ ಹನಿಗಟ್ಟುವ ತೇವ ತಳಕ್ಕಿಳಿದು ಫಿಲ್ಟರನ್ನು ಸೇರುತ್ತದೆ. ಸಡಿಲಾದ ಪೈಪಿನ ಕೀಲಿನಿಂದ ಹೊಕ್ಕ ಗಾಳಿಗುಳ್ಳೆಗಳು ಪಂಪಿನ ಒತ್ತಡವನ್ನು ನುಂಗುತ್ತವೆ. ಮೆಕ್ಯಾನಿಕ್‌ಗಳು ‘ಏರ್ ಹಿಡಿದಿದೆ’ ಎನ್ನುವ ಈ ಸ್ಥಿತಿಯಲ್ಲಿ ಫಿಲ್ಟರಿನ ತಳದ ತಿರುಪಿನಿಂದ ನೀರನ್ನು ಇಳಿಸಿ, ಮೇಲಿನ ತಿರುಪನ್ನು ಸಡಿಲಿಸಿ, ಫೀಡ್ ಪಂಪಿನ ಕೈಹಿಡಿಯನ್ನು ಒತ್ತುತ್ತ ಗುಳ್ಳೆಯಿಲ್ಲದ ಡೀಸೆಲ್ ಹೊರಬಂದ ಮೇಲೆ ತಿರುಪನ್ನು ಬಿಗಿಯಬೇಕು. ಒಮ್ಮೆ ತೆಗೆದ ಗಾಳಿ ಮರುದಿನ ಮತ್ತೆ ಸೇರಿದರೆ ಕೀಲು ಅಥವಾ ವಾಷರನ್ನೇ ಬದಲಿಸಬೇಕು. ಇಂಜೆಕ್ಷನ್ ಪಂಪು, ನಾಜಲ್‌ಗಳ ತಯಾರಿಕೆಯನ್ನು ದೇಶದಲ್ಲಿ ಬೆಳೆಸಿದ್ದು 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಕೋ, ಅಂದರೆ 2008ರಿಂದ ಬಾಷ್ ಎಂಬ ಹೆಸರಿನ ಸಂಸ್ಥೆ. ಬಹು ಸೂಕ್ಷ್ಮ ಅಂತರದಲ್ಲಿ ಹೊಂದಿಸಿದ ಈ ಭಾಗಗಳನ್ನು ಪರೀಕ್ಷಾ ಯಂತ್ರವಿರುವ ಪಂಪ್ ಅಂಗಡಿಯಲ್ಲಷ್ಟೇ ಬಿಚ್ಚಿಸಬೇಕು.

ಹೀಟರ್ ಮತ್ತು ಸಂಪೀಡನ

ಕೆಲವು ಎಂಜಿನುಗಳಲ್ಲಿ ಪ್ರತಿ ಸಿಲಿಂಡರಿಗೂ ಹೀಟರ್ ಪ್ಲಗ್, ಕೆಲವುಗಳಲ್ಲಿ ಗಾಳಿ ಒಳಹೋಗುವ ಕೊಳವೆಯಲ್ಲಿ ಕಾಯುವ ಸುರುಳಿ ಇರುತ್ತದೆ. ಇವೆರಡೂ ಇಲ್ಲದ ಮಾದರಿಗಳೂ ಹಲವಿವೆ. ಹೀಟರ್ ಕೆಟ್ಟಿಲ್ಲದಿದ್ದರೂ ಬಿಳಿ ಹೊಗೆ ನಿಲ್ಲದಿದ್ದರೆ ಸಂಪೀಡನವನ್ನು ಅಳೆಯಬೇಕು. ಸಿಲಿಂಡರಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಅಳೆದಾಗ ಒತ್ತಡ ಏರಿದರೆ ರಿಂಗುಗಳು ಸವೆದಿವೆ ಎಂದೂ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ ಎಂದೂ ಊಹಿಸಬಹುದು. ಬಿಸಿಯಾದ ಮೇಲೆ ಸುಲಭವಾಗಿ, ತಣಿದಾಗ ಮಾತ್ರ ಕಷ್ಟದಿಂದ ಚಾಲನೆಗೊಳ್ಳುವ ಹಳೆಯ ಎಂಜಿನಿನಲ್ಲಿ ಇಂಥ ಸವೆತವನ್ನು ಸಂದೇಹಿಸಬೇಕು.

ಅಪಾಯಕರ ರೂಢಿಗಳು

ಗೇರಿನಲ್ಲಿರುವ ಟ್ರ್ಯಾಕ್ಟರಿನ ಪಕ್ಕದಲ್ಲಿ ನಿಂತು ಸ್ಕ್ರೂಡ್ರೈವರಿನಿಂದ ಸೆಲ್ಫಿನ ಟರ್ಮಿನಲ್‌ಗಳನ್ನು ಕೂಡಿಸಿದರೆ ಅದು ತಟ್ಟನೆ ಮುಂದೆ ಹರಿದು ದೊಡ್ಡ ಚಕ್ರದಡಿ ಪ್ರಾಣ ಹೋಗಬಹುದು. ಚಾಲಕ ಸೀಟಿನಲ್ಲಿ ಕುಳಿತು, ನ್ಯೂಟ್ರಲ್‌ನಲ್ಲಿಯೇ ಚಾಲನೆ ಮಾಡಬೇಕು. ಎಂಜಿನಿನಡಿ ಬೆಂಕಿ ಹಾಕುವುದು, ಉರಿಯುವ ಬಟ್ಟೆಯನ್ನು ಏರ್ ಕ್ಲೀನರಿಗೆ ಹಿಡಿಯುವುದು, ಹೀಟರ್ ಇರುವ ಎಂಜಿನಿಗೆ ಈಥರ್ ಸಿಂಪಡಿಸುವುದು ಸ್ಫೋಟಕ್ಕೆ ಎಡೆಮಾಡುತ್ತವೆ. ನಾಜಲ್‌ನಿಂದ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗುವಷ್ಟು ಒತ್ತಡದಲ್ಲಿರುವುದರಿಂದ ಅದಕ್ಕೆ ಕೈಯೊಡ್ಡಬಾರದು. ಇನ್ನೊಂದು ಬ್ಯಾಟರಿಯಿಂದ ವಿದ್ಯುತ್ ಪಡೆಯುವಾಗ ಧನ ತಂತಿಯನ್ನು ಮೊದಲು ಜೋಡಿಸಿ, ಋಣ ತಂತಿಯ ಕೊನೆಯ ತುದಿಯನ್ನು ಬ್ಯಾಟರಿಯಿಂದ ದೂರದಲ್ಲಿ ಎಂಜಿನಿನ ಲೋಹಕ್ಕೆ ಸಿಕ್ಕಿಸಿದರೆ, ಬ್ಯಾಟರಿಯಿಂದ ಹೊರಡುವ ಜಲಜನಕಕ್ಕೆ ಕಿಡಿ ತಗಲುವುದಿಲ್ಲ.

ಮುಂಜಾಗ್ರತೆ

ಸಂಜೆಯೇ ಟ್ಯಾಂಕ್ ತುಂಬಿಸುವುದು, ಫಿಲ್ಟರಿನ ನೀರನ್ನು ಆಗಾಗ ಇಳಿಸುವುದು, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರನ್ನೇ ಹಾಕುವುದು ಮತ್ತು ತಯಾರಕರು ಸೂಚಿಸಿದ ದರ್ಜೆಯ ಆಯಿಲ್ ಬಳಸುವುದು ಹೆಚ್ಚು ಖರ್ಚಿಲ್ಲದ ಉಪಾಯಗಳು. ದುರ್ಬಲ ಬ್ಯಾಟರಿಯ ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ನಿಲ್ಲಿಸಿ ಉರುಳಿಸಿ ಚಾಲನೆ ಮಾಡುವುದರಿಂದ ಒಂದು ದಿನದ ಕೆಲಸ ನಡೆಯಬಹುದು, ಆದರೆ ದೋಷ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಕೊಯ್ಲಿಗೆ ಮುಂಚೆ, ನವೆಂಬರಿನಲ್ಲಿಯೇ, ಬ್ಯಾಟರಿ, ಫಿಲ್ಟರ್ ಮತ್ತು ಹೀಟರುಗಳನ್ನು ಪರೀಕ್ಷಿಸಿಕೊಳ್ಳುವುದು ಲೇಸು.